ಕುರ್ಚಿಯ ಬೆನ್ನಿಗೆ ಬಡಿದ ಬೆರಳು

ಕೊಲ್ಹಾಪುರದವರು ಸಮುದ್ರ ನೋಡಬೇಕೆಂದರೆ ಘಾಟಿ ಇಳಿಯಬೇಕು. ನಾನು ಬಂದರಿನ ಕ್ರೇನ್ ನಡೆಸುವುದನ್ನು ಕಲಿಸುತ್ತಿದ್ದದ್ದು ಘಾಟಿಯ ಈಚೆಗೆ, ಕಿಟಕಿ ತೆರೆದರೆ ಕಬ್ಬಿನ ಗದ್ದೆ ಕಾಣುವ ಒಂದು ಖಾಸಗಿ ವಿಶ್ವವಿದ್ಯಾಲಯದ ನೆಲಮಹಡಿಯಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ರಂಕಾಳ ಕೆರೆಯ ಪೆಡಲ್ ದೋಣಿ ಬಿಟ್ಟರೆ ನೀರಿನ ಮೇಲೆ ತೇಲುವ ಇನ್ನೇನನ್ನೂ ಹತ್ತಿದವರಲ್ಲ. ಅವರಿಗೆ ಹಡಗಿನಿಂದ ಇಳಿದ ಕಂಟೇನರುಗಳನ್ನು ಎತ್ತಿ ಸಾಲಾಗಿ ಜೋಡಿಸುವ ಕೆಲಸ ಹೇಳಿಕೊಡಬೇಕಿತ್ತು. ಅದಕ್ಕೆಂದೇ ವಿಶ್ವವಿದ್ಯಾಲಯ ಒಂದು ಸಿಮ್ಯುಲೇಟರ್ ತರಿಸಿತ್ತು. ಅದನ್ನು ನೋಡಿಕೊಳ್ಳಲು ಮೆಕ್ಯಾನಿಕಲ್ ವಿಭಾಗದಿಂದ ನನ್ನನ್ನು ಎತ್ತಿ ಅಲ್ಲಿಟ್ಟರು.

ನಾನೂ ಬಂದರಿನ ಕ್ರೇನ್ ಹತ್ತಿದವನಲ್ಲ. ಯಂತ್ರ ಮಾರಿದ ಕಂಪನಿಯವರು ಎ.ಸಿ. ಕೋಣೆಯಲ್ಲಿ ಕೂರಿಸಿ ಕೆಲವು ದಿನ ಪಾಠ ಹೇಳಿ, ಕೊನೆಗೆ ಒಂದು ಸರ್ಟಿಫಿಕೇಟ್ ಕೈಗಿಟ್ಟಿದ್ದರು. ನಿಜವಾದ ಕ್ರೇನ್ ನಡೆಸಿದ್ದೀರಾ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳದ್ದನ್ನು ಹೇಳುವ ಚಟ ನನಗೂ ಇಲ್ಲ.

ಯಂತ್ರವೆಂದರೆ ಎತ್ತರದ ಒಂದು ಕುರ್ಚಿ, ಎರಡು ಹಿಡಿಕೆ. ಎಡಗೈಯ ಹಿಡಿಕೆ ಟ್ರಾಲಿಯನ್ನು, ಎಂದರೆ ಕ್ರೇನಿನ ತೊಲೆಯ ಮೇಲೆ ಹಗ್ಗಗಳನ್ನು ಹೊತ್ತು ಸಾಗುವ ಗಾಡಿಯನ್ನು, ಹಿಂದೆ ಮುಂದೆ ಓಡಿಸುತ್ತದೆ. ಬಲಗೈಯದು ಉಕ್ಕಿನ ಹಗ್ಗಗಳಿಗೆ ತೂಗುಬಿದ್ದ ಚೌಕಟ್ಟನ್ನು ಏರಿಸಿ ಇಳಿಸುತ್ತದೆ. ಚೌಕಟ್ಟು ಕಂಟೇನರಿನ ನಾಲ್ಕೂ ಮೂಲೆಗಳಿಗೆ ಕಚ್ಚಿಕೊಂಡರೆ ದೀಪ ಹತ್ತುತ್ತದೆ, ಆಮೇಲೆ ಎತ್ತಬೇಕು. ಎದುರಿಗೆ, ಪಕ್ಕಕ್ಕೆ ಪರದೆಗಳು. ಕಾಲಡಿಯಲ್ಲೂ ಒಂದು ಪರದೆ, ಏಕೆಂದರೆ ನಿಜವಾದ ಕ್ರೇನಿನ ಕ್ಯಾಬಿನ್‌ಗೆ ಗಾಜಿನ ನೆಲವಿರುತ್ತದೆ. ನಡೆಸುವವರು ಇಡೀ ದಿನ ಬಗ್ಗಿ ಕಾಲಡಿಗೇ ನೋಡುತ್ತಿರಬೇಕು.

ಕಷ್ಟ ಎತ್ತುವುದರಲ್ಲಿಲ್ಲ, ನಿಲ್ಲಿಸುವುದರಲ್ಲಿದೆ. ಟ್ರಾಲಿ ನಿಂತರೂ ಹಗ್ಗಕ್ಕೆ ತೂಗುವ ಕಂಟೇನರ್ ಪೆಟ್ಟಿಗೆ ನಿಲ್ಲುವುದಿಲ್ಲ, ಮುಂದಕ್ಕೆ ಜೋಲುತ್ತದೆ. ಅದು ಜೋಲಿಯ ತುದಿ ಮುಟ್ಟುವ ಹೊತ್ತಿಗೆ ಟ್ರಾಲಿಯನ್ನು ಇನ್ನೊಂದಿಷ್ಟು ಮುಂದೊಯ್ದು ಸರಿಯಾಗಿ ಅದರ ತಲೆಯ ಮೇಲೆ ನಿಲ್ಲಿಸಿದರೆ ಜೋಲಿ ಸಾಯುತ್ತದೆ. ಕಣ್ಣುರೆಪ್ಪೆ ಬಡಿಯುವಷ್ಟು ತಡವಾದರೂ ಜೋಲಿ ಹೆಚ್ಚುತ್ತದೆ. ಮೊದಮೊದಲು ನಮ್ಮ ಹುಡುಗರು ಪರದೆಯ ಮೇಲೆ ಅಕ್ಕಪಕ್ಕದ ಕಂಟೇನರುಗಳನ್ನೆಲ್ಲ ಗುದ್ದಿ ಕೆಡವಿದರು. ನೋಡಲು ಬಂದ ವಿಭಾಗದ ಮುಖ್ಯಸ್ಥರು ಇದು ಕ್ರೇನೋ ಬುಲ್‌ಡೋಜರೋ ಎಂದು ಕೇಳಿ ಹೋದರು.

ಆಗ ನನ್ನ ಮನೆಯ ವಿದ್ಯೆ ನೆನಪಾಯಿತು. ನಾನು ಇಚಲಕರಂಜಿಯ ಶಹಾಪುರದವನು. ನಮ್ಮ ಅಜ್ಜ ಕರ್ನಾಟಕದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ಅಲ್ಲೇ ನಿಂತವರು. ಪವರ್‌ಲೂಮಿನ ಶೆಡ್ಡಿನಲ್ಲಿ ಬಾಯಿಗೆ ಬೆಲೆಯಿಲ್ಲ. ಕೂಗಿದರೂ ಪಕ್ಕದವನಿಗೆ ಕೇಳದು. ಹೀಗಾಗಿ ಕಲಿಸುವವರು ಹಿಂದೆ ನಿಂತು ಹೆಗಲಿಗೆ ಬೆರಳಿನಿಂದ ಬಡಿಯುತ್ತಾರೆ. ಒಂದು ಬಡಿತಕ್ಕೆ ನಿಲ್ಲಿಸು, ಎರಡಕ್ಕೆ ಬಿಡು. ಅಪ್ಪ ನನಗೆ ಕಲಿಸಿದ್ದೂ ಹಾಗೆಯೇ. ಸಿಮ್ಯುಲೇಟರಿನ ಹುಡುಗರೂ ಕಿವಿಗೆ ಹೆಡ್‌ಫೋನ್ ಹಾಕಿ ಕ್ರೇನಿನ ಸದ್ದು ಕೇಳುತ್ತ ಕೂತಿರುತ್ತಿದ್ದರು, ನನ್ನ ಮಾತು ಮುಟ್ಟುತ್ತಿರಲಿಲ್ಲ. ಕಂಪನಿಯವರು ಗುರುವಿಗೆಂದು ಮೂಲೆಯಲ್ಲಿ ಬೇರೆ ಮೇಜು ಹಾಕಿಕೊಟ್ಟಿದ್ದರು. ನಾನು ಅದನ್ನು ಬಿಟ್ಟು ಕುರ್ಚಿಯ ಹಿಂದೆ ನಿಂತು ಅದರ ಬೆನ್ನಿಗೆ ಬಡಿಯತೊಡಗಿದೆ. ಪೆಟ್ಟಿಗೆ ಜೋಲಿಯ ತುದಿಗೆ ಬಂತೆಂದರೆ ಒಂದು ಬಡಿತ: ಈಗ ಸರಿಸು. ಇಳಿಸುವ ಹೊತ್ತಾಯಿತೆಂದರೆ ಎರಡು.

ಅದು ಮಂತ್ರದ ಹಾಗೆ ಕೆಲಸ ಮಾಡಿತು. ಯಂತ್ರ ಕೊಡುವ ಅಂಕಗಳು ಏರಿದವು, ಗುದ್ದುವುದು ನಿಂತಿತು. ಬೇರೆ ಕಾಲೇಜಿನವರು ನೋಡಲು ಬಂದರು, ಮುಖ್ಯಸ್ಥರು ನನ್ನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡರು. ಹುಡುಗರು ನನ್ನನ್ನು ವಸ್ತಾದ ಎಂದು ಕರೆಯತೊಡಗಿದರು. ಕೊಲ್ಹಾಪುರದಲ್ಲಿ ಕುಸ್ತಿ ಕಲಿಸುವ ಗುರುವಿಗೆ ಹಾಗನ್ನುತ್ತಾರೆ. ಕೇಳಿ ಉಬ್ಬಿಹೋದೆ, ಇಂದು ಆ ಹೆಸರು ನೆನೆದರೆ ಕಿವಿ ಬಿಸಿಯಾಗುತ್ತದೆ.

ಅವರಲ್ಲಿ ಗಡಹಿಂಗ್ಲಜದ ಹುಡುಗಿಯೊಬ್ಬಳಿದ್ದಳು. ಅವಳ ತಂದೆಯದು ಟ್ರ್ಯಾಕ್ಟರಿಗೆ ಕಬ್ಬಿನ ಗಾಡಿ ಕಟ್ಟಿಕೊಡುವ ವೆಲ್ಡಿಂಗ್ ವರ್ಕ್‌ಶಾಪು. ಮನೆಮಾತು ನಮ್ಮದೇ ಕನ್ನಡ. ಉಳಿದವರು ಬೇರೆ ಸೀಟು ಸಿಗದೆ ನಮ್ಮ ಕೋರ್ಸಿಗೆ ಬಂದಿದ್ದರೆ, ಅವಳು ಕೇಳಿ ಬಂದವಳು. ಮನೆಯವರು ನರ್ಸಿಂಗ್ ಎಂದಿದ್ದರು; ಅವಳು ಎಂದೋ ಫೋನಿನಲ್ಲಿ ಬಂದರಿನ ಕ್ರೇನ್ ನಡೆಸುವ ಹೆಂಗಸೊಬ್ಬಳನ್ನು ನೋಡಿ, ತನಗೆ ಅದೇ ಬೇಕೆಂದು ಹಟ ಹಿಡಿದಿದ್ದಳು. ತಂದೆ ಒಂದು ಮಾತು ಹಾಕಿದ್ದರು: ಬಂದರಿನವರು ತೆಗೆದುಕೊಂಡರೆ ಹೋಗು, ಇಲ್ಲದಿದ್ದರೆ ಈ ಹುಚ್ಚು ಬಿಡು. ಅವಳ ಕೈ ಹಗುರ, ಕಣ್ಣು ಚುರುಕು. ನನ್ನ ಬೆರಳು ತಾಗಿದ ಕೂಡಲೆ ಅವಳ ಎಡಗೈ ಸರಿಯುತ್ತಿತ್ತು.

ಕೊಂಕಣದ ಒಂದು ಬಂದರಿನವರು ನಮ್ಮ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ತರಬೇತಿಗೆ ಆರಿಸಿಕೊಳ್ಳಲು ಒಪ್ಪಿದರು. ಅವರ ಅಂಗಳದಲ್ಲಿ ಬಿಡುವಾಗಿದ್ದ ಕ್ರೇನಿನಲ್ಲಿ ಖಾಲಿ ಕಂಟೇನರೊಂದನ್ನು ಲಾರಿಯಿಂದ ಎತ್ತಿ, ಎರಡು ಕಂಟೇನರುಗಳ ನಡುವಿನ ಜಾಗದಲ್ಲಿ ಇಳಿಸಬೇಕು. ಕ್ಯಾಬಿನ್‌ನಲ್ಲಿ ಅವರ ತರಬೇತುದಾರರು ಇರುತ್ತಾರೆ. ಮಕ್ಕಳು ಹೆದರದಿರಲಿ ಎಂದು ಅವರ ಗುರುವೂ ಹಿಂದೆ ನಿಲ್ಲಬಹುದೆಂದು ತಿಳಿಸಿದ್ದರು. ನಾನು ಹುಡುಗರಿಗೆ, ಚಿಂತೆ ಬೇಡ, ಅಲ್ಲಿಯೂ ನಿಮ್ಮ ಹಿಂದೆಯೇ ಇರುತ್ತೇನೆ ಎಂದು ಮಾತುಕೊಟ್ಟೆ.

ಬಸ್ಸಿನಲ್ಲಿ ಘಾಟಿ ಇಳಿದು ಹೋದೆವು. ಹೆಲ್ಮೆಟ್ಟು, ಹೊಳೆಯುವ ಜಾಕೀಟು, ಭಾರದ ಬೂಟು ಹಾಕಿಸಿ ಸುರಕ್ಷತೆಯ ನಿಯಮ ಹೇಳಿದರು: ಹತ್ತುವಾಗ ಎರಡು ಕೈ ಎರಡು ಕಾಲುಗಳಲ್ಲಿ ಮೂರಾದರೂ ಸದಾ ಕಬ್ಬಿಣಕ್ಕೆ ತಾಗಿರಬೇಕು. ತರಬೇತುದಾರರು ಕೊಂಕಣದ ಕಡೆಯವರು, ಮರಾಠಿಯಲ್ಲಿ ಮೆಲ್ಲಗೆ ಮಾತಾಡುವ ಮನುಷ್ಯ. ಅವರು ಮುಂದೆ ಹತ್ತಿ ಕ್ಯಾಬಿನ್ ಸೇರಿದರು. ಅವರ ಹಿಂದೆ ನಾನು, ನನ್ನ ಹಿಂದೆ ಮೊದಲ ಸರದಿಯ ಗಡಹಿಂಗ್ಲಜದ ಹುಡುಗಿ.

ಮೆಟ್ಟಿಲು ಕಬ್ಬಿಣದ ಜಾಲರಿಯದು. ಕಾಲಿಟ್ಟರೆ ಬೂಟಿನ ಕೆಳಗೆ ನೆಲ ಕಾಣುತ್ತದೆ, ಹತ್ತಿದಷ್ಟೂ ಅದು ದೂರ ಹೋಗುತ್ತದೆ. ಮೊದಲ ತಿರುವಿನ ಪುಟ್ಟ ಕಟ್ಟೆಯವರೆಗೆ ಹೋದೆ. ಅಲ್ಲಿ ಸಮುದ್ರದ ಗಾಳಿ ಮುಖಕ್ಕೆ ಹೊಡೆಯಿತು, ಕಬ್ಬಿಣವೆಲ್ಲ ಸಣ್ಣಗೆ ನಡುಗಿತು. ಮುಂದಿನ ಮೆಟ್ಟಿಲಿಗೆ ಕೈ ಚಾಚಬೇಕು, ಕೈ ಕಂಬಿಯನ್ನು ಬಿಡಲಿಲ್ಲ. ಪನ್ಹಾಳದ ಬೆಟ್ಟದ ಕೋಟೆಗೆ ಹೋದಾಗಲೆಲ್ಲ ನಾನು ಅಂಚಿನಿಂದ ದೂರ ನಿಂತು ಎಲ್ಲರ ಫೋಟೊ ತೆಗೆಯುವವನು. ಅದನ್ನು ಹೆದರಿಕೆ ಎಂದು ನನಗೆ ನಾನೇ ಒಪ್ಪಿಕೊಂಡಿರಲಿಲ್ಲ. ಕಾಲಡಿಯ ಪರದೆಯಲ್ಲಿ ದಿನವೂ ಆ ಎತ್ತರ ನೋಡಿದ್ದೆನಲ್ಲ ಎಂದುಕೊಂಡಿದ್ದೆ. ದೂರದ ಬೆಟ್ಟ ನುಣ್ಣಗೆ.

ಹಿಂದಿನಿಂದ ಹುಡುಗಿ, ಏನಾತ್ರಿ ಸರ ಎಂದಳು.

"ಮಣಕಾಲ ಹಿಡಕೊಂಡೈತಿ," ಎಂದೆ. "ನೀ ಹೋಗ."

ಅವಳು ಒಂದು ಗಳಿಗೆ ನಿಂತಳು. ಆಮೇಲೆ ನನ್ನ ಪಕ್ಕದಿಂದ ನುಸುಳಿ ಮೇಲಕ್ಕೆ ಹೋದಳು. ನಾನು ಹಿಂದುಮುಂದಾಗಿ, ಒಂದೊಂದೇ ಮೆಟ್ಟಿಲು ತಡಕಿ ಇಳಿದು ನೆಲ ಸೇರಿದೆ. ಕೆಳಗಿದ್ದ ಹುಡುಗರಿಗೆ ಕಾಣಲೆಂದು ಕುಂಟಿದೆ ಕೂಡ.

ಕೆಳಗಿನಿಂದ ಎಲ್ಲವೂ ಕಾಣುತ್ತಿತ್ತು. ಚೌಕಟ್ಟು ನೇರ ಇಳಿಯಿತು, ಮೂಲೆಗಳಿಗೆ ಕಚ್ಚಿಕೊಂಡಿತು, ಪೆಟ್ಟಿಗೆ ಎದ್ದಿತು. ಅಷ್ಟೂ ಅಚ್ಚುಕಟ್ಟು. ಟ್ರಾಲಿ ಓಡಿ ನಿಂತಿತು. ಪೆಟ್ಟಿಗೆ ಮುಂದಕ್ಕೆ ಜೋಲಿ ತುದಿ ಮುಟ್ಟಿತು. ಈಗ, ಎಂದು ನಾನು ಬಾಯಲ್ಲೇ ಅಂದೆ. ಟ್ರಾಲಿ ಸರಿಯಲಿಲ್ಲ. ಪೆಟ್ಟಿಗೆ ಹಿಂದಕ್ಕೆ ಬಂತು, ಮತ್ತೆ ಮುಂದೆ ಹೋಯಿತು, ಟ್ರಾಲಿ ತಡವಾಗಿ ಸರಿಯಿತು, ಜೋಲಿ ದೊಡ್ಡದಾಯಿತು. ಮೂರನೆಯ ಸಲ ಅದರ ಮೂಲೆ ಪಕ್ಕದ ಕಂಟೇನರಿಗೆ ಬಡಿಯಿತು. ಆ ಸದ್ದು ಅಂಗಳದಲ್ಲೆಲ್ಲ ಕೇಳಿತು. ತರಬೇತುದಾರರು ತುರ್ತು ಗುಂಡಿ ಒತ್ತಿ ಕ್ರೇನ್ ನಿಲ್ಲಿಸಿದರು.

ಉಳಿದವರು ಗುದ್ದಲಿಲ್ಲ, ಆದರೆ ಯಾರಿಗೂ ಪೆಟ್ಟಿಗೆ ಇಳಿಸಲು ಆಗಲಿಲ್ಲ. ಇಳಿದು ಬಂದ ತರಬೇತುದಾರರು ನನ್ನನ್ನು ಒಂದು ಬದಿಗೆ ಕರೆದರು. ನಿಮ್ಮ ಮಕ್ಕಳಿಗೆ ಹಿಡಿಕೆ ಗೊತ್ತಿದೆ, ಕೈ ಚೆನ್ನಾಗಿದೆ, ಎಂದರು. ಆದರೆ ಸರಿಸುವ ಹೊತ್ತಿಗೆ ಸರಿಯಾಗಿ ಎಲ್ಲರೂ ಏನನ್ನೋ ಕಾಯುತ್ತಾರೆ, ಒಬ್ಬರಲ್ಲ, ಎಲ್ಲರೂ. ಇಂಥದ್ದನ್ನು ನಾನು ಕಂಡಿಲ್ಲ, ಏನದು ಎಂದು ಕೇಳಿದರು. ನನಗೆ ತಿಳಿಯದೆಂದೆ. ಆಗ ನಿಜಕ್ಕೂ ತಿಳಿದಿರಲಿಲ್ಲ. ಈ ಸಲ ಯಾರನ್ನೂ ತೆಗೆದುಕೊಳ್ಳಲಾಗದು, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆಯಿದೆ, ಬರುವ ಧೈರ್ಯವಿದ್ದವರು ಬರಲಿ ಎಂದು ಹೇಳಿ ಹೋದರು.

ಸಂಜೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎಲ್ಲರೂ ಮುಖ ಕೆಳಗೆ ಹಾಕಿ ಚಹಾ ಕುಡಿಯುತ್ತಿದ್ದೆವು. ಹುಡುಗಿ ಎದ್ದುಹೋಗಿ ಪಕ್ಕದ ಔಷಧಿ ಅಂಗಡಿಯಿಂದ ಮುಲಾಮು ತಂದು ನನ್ನ ಮುಂದಿಟ್ಟಳು. ಮಣಕಾಲಿಗೆ ಹಚ್ಚಿಕೊಳ್ಳಿರಿ ಸರ, ಎಂದಳು. ಹುಡುಗರೆಲ್ಲ ನನ್ನತ್ತ ನೋಡುತ್ತಿದ್ದರು. ನಾನು ಪ್ಯಾಂಟು ಮಡಚಿ, ಏನೂ ಆಗದ ಮೊಣಕಾಲಿಗೆ ಮುಲಾಮು ತಿಕ್ಕಿಕೊಂಡೆ. ಅದು ಉರಿಯತೊಡಗಿತು. ಆ ಉರಿಗಿಂತ, ನೋವು ಕಡಿಮೆಯಾಯಿತು ಎಂಬಂತೆ ತಲೆಯಾಡಿಸಿದೆನಲ್ಲ, ಅದನ್ನು ನೆನೆದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಮಾತು ತಿರುಗಿಸಲೆಂದು ಕೇಳಿದೆ: ಪೆಟ್ಟಿಗೆ ತುದಿಗೆ ಬಂದಾಗ ಯಾಕೆ ಸರಿಸಲಿಲ್ಲ, ಏನು ಕಾಯುತ್ತಿದ್ದೆ?

ನನ್ನನ್ನು ದೂರುವ ಇರಾದೆ ಅವಳ ಮುಖದಲ್ಲಿರಲಿಲ್ಲ.

"ನಿಮ್ಮ ಬೆರಳ ಬಡಿಯೂ ಹಾದಿ ನೋಡಾಕತ್ತಿದ್ನಿರಿ ಸರ."

ಚಂದಗಡದ ಹುಡುಗನೊಬ್ಬ, ಹೌದ್ರಿ, ನಾನೂ ಅದನ್ನೇ ಎಂದ. ಉಳಿದವರೂ ತಲೆಯಾಡಿಸಿದರು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು. ಅವರು ಕಲಿತದ್ದು ಕ್ರೇನ್ ಅಲ್ಲ, ನನ್ನ ಬೆರಳು. ಪರದೆಯ ಮೇಲೆ ಬಂದ ಅಂಕಗಳೆಲ್ಲ ನನ್ನವು. ನಾನೇ ಪರೀಕ್ಷೆ ಬರೆದು ನಾನೇ ಪಾಸಾಗಿ, ನಾನೇ ಹೆಗಲು ತಟ್ಟಿಸಿಕೊಂಡಿದ್ದೆ.

ಕೊಲ್ಹಾಪುರಕ್ಕೆ ಮರಳಿ ಮೊದಲು ಮಾಡಿದ ಕೆಲಸ, ಕುರ್ಚಿಯ ಜಾಗ ಬದಲಿಸಿದ್ದು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಪರದೆಗಳನ್ನು ಬಿಚ್ಚಿ ಮುಂದಕ್ಕೆ ಸರಿಸಿ, ಕುರ್ಚಿಯನ್ನು ಹಿಂದಿನ ಗೋಡೆಗೆ ತಂದು ನಿಲ್ಲಿಸಿದೆವು. ಕುರ್ಚಿ ಅಲುಗಾಡಲು ಬೇಕಾದಷ್ಟು, ಒಂದು ಗೇಣು ಜಾಗ ಮಾತ್ರ ಬಿಟ್ಟಿದ್ದು. ಅಲ್ಲಿ ಯಾರೂ ನಿಲ್ಲುವಂತಿರಲಿಲ್ಲ. ನಾನು ಮೂಲೆಯ ಮೇಜಿಗೆ ಹೋಗಿ ಕೂತೆ. ಮೊದಲು ಹುಡುಗರಿಗೆ ಏನೂ ಮಾಡಬೇಡಿ ಎಂದೆ. ಪೆಟ್ಟಿಗೆಯನ್ನು ಜೋಲಲು ಬಿಡಿ, ತಾನಾಗಿ ನಿಲ್ಲುವವರೆಗೂ ನೋಡುತ್ತಲೇ ಇರಿ, ಅದರ ಲಯ ನಿಮ್ಮ ಹೊಟ್ಟೆಗೆ ಇಳಿಯಲಿ. ಪೆಟ್ಟಿಗೆ ನೋಡಬೇಡಿ, ಹಗ್ಗ ವಾಲುವುದನ್ನು ನೋಡಿ. ಮತ್ತೆ ಗುದ್ದಾಟ ಶುರುವಾಯಿತು, ಅಂಕಗಳು ನೆಲ ಕಚ್ಚಿದವು. ಮುಖ್ಯಸ್ಥರು ಬಂದು ಕೇಳಿದಾಗ, ಇಷ್ಟು ದಿನ ತೋರಿಸಿದ್ದು ನನ್ನ ಅಂಕ, ಇದು ಮಕ್ಕಳದು ಎಂದೆ. ಅವರಿಗೆ ಖುಷಿಯಾಗಲಿಲ್ಲ. ಹಾಗಾದರೆ ಬೇರೆ ಕಾಲೇಜಿನವರಿಗೆ ಏನು ಹೇಳಲಿ ಎಂದರು.

ಮೂಲೆಯಲ್ಲಿ ಕೈಕಟ್ಟಿ ಕೂತಾಗ ಅಪ್ಪನ ಪಾಠದ ಇನ್ನರ್ಧ ನೆನಪಾಯಿತು. ಒಂದು ದಿನ ಅಪ್ಪ ನನ್ನ ಹೆಗಲಿನಿಂದ ಬೆರಳು ತೆಗೆದು, ಚಹಾ ಕುಡಿದು ಬರುತ್ತೇನೆಂದು ಸನ್ನೆ ಮಾಡಿ ಹೊರಗೆ ಹೋಗಿದ್ದರು. ಅವರಿಲ್ಲದ ಹೊತ್ತಿನಲ್ಲಿ ನಾನು ನೇಯ್ದ ಬಟ್ಟೆಯಲ್ಲಿ ಉದ್ದಕ್ಕೂ ಗೆರೆ ಬಿದ್ದಿತು. ಅವರು ಬಂದು ನೋಡಿದರು, ಬೈಯಲಿಲ್ಲ, ಮರುದಿನವೂ ಚಹಾಕ್ಕೆ ಹೋದರು. ನಾನು ಬಡಿತ ನೆನಪಿಟ್ಟುಕೊಂಡು ಚಹಾ ಮರೆತಿದ್ದೆ.

ಗಡಹಿಂಗ್ಲಜದ ಹುಡುಗಿ ಮಾತ್ರ ಮತ್ತೆ ತರಗತಿಗೆ ಬರಲಿಲ್ಲ. ಇಚಲಕರಂಜಿಯ ಗಾರ್ಮೆಂಟ್ ಘಟಕವೊಂದರಲ್ಲಿ ಕೆಲಸಕ್ಕೆ ಸೇರುತ್ತಾಳಂತೆ ಎಂದು ಗೆಳತಿಯರು ಹೇಳಿದರು. ಫೋನ್ ಮಾಡೋಣವೆಂದು ಎಷ್ಟೋ ಸಲ ತೆಗೆದು ಇಟ್ಟೆ. ಏನು ಹೇಳುವುದು? ನಿನ್ನ ತಪ್ಪಲ್ಲ ಎನ್ನಬೇಕಾದರೆ ಯಾರ ತಪ್ಪು ಎಂಬುದನ್ನೂ ಹೇಳಬೇಕಲ್ಲ. ಕೊನೆಗೆ ಒಂದು ಭಾನುವಾರ, ಜಡಿಮಳೆಯಲ್ಲಿ ಬಸ್ಸು ಹಿಡಿದು ಗಡಹಿಂಗ್ಲಜಕ್ಕೆ ಹೋದೆ.

ವರ್ಕ್‌ಶಾಪಿನಲ್ಲಿ ತಂದೆ ಕಬ್ಬಿನ ಗಾಡಿಯ ಚಾಸಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಮಗಳ ಗುರು ಎಂದು ತಿಳಿದೊಡನೆ ಕೆಲಸ ನಿಲ್ಲಿಸಿ, ಕುರ್ಚಿಯೊಂದನ್ನು ಒರೆಸಿ ಹಾಕಿ, ಒಳಗೆ ಚಹಾಕ್ಕೆ ಹೇಳಿದರು. ಮೊದಲು ಕೇಳಿದ್ದೇ ನನ್ನ ಮೊಣಕಾಲಿನ ಬಗ್ಗೆ. ಮುರಗೂಡದಲ್ಲಿ ಎಣ್ಣೆ ತಿಕ್ಕಿ ಕೀಲುನೋವು ಕಳೆಯುವವನೊಬ್ಬನಿದ್ದಾನೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಹುಡುಗಿ ಬಾಗಿಲಲ್ಲಿ ಬಂದು ನಿಂತಳು.

"ಆಕೀಗೆ ಭಾಳ ಬೈದೇನ್ರಿ ಸರ," ಎಂದರು ತಂದೆ. "ಕಾಲ ನೋಯ್ತಿದ್ರೂ ಮಾಸ್ತರ ಅಷ್ಟ ದೂರ ಕರ್ಕೊಂಡ ಹ್ವಾದ್ರ, ನೀ ಅವರ ಹೆಸರ ಕೆಡಿಸಿ ಬಂದಿ ಅಂತ."

ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ. ಹಾವೂ ಸಾಯದ ಕೋಲೂ ಮುರಿಯದ ಮಾತೊಂದನ್ನು ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದೆ: ಯಂತ್ರದಲ್ಲಿ ವ್ಯತ್ಯಾಸವಿತ್ತು, ಈಗ ಸರಿಪಡಿಸಿದ್ದೇವೆ. ಅದನ್ನು ಹೇಳಿದ್ದರೆ ಚಹಾ ಕುಡಿದು, ಮರ್ಯಾದೆ ಉಳಿಸಿಕೊಂಡು ಎದ್ದುಬರಬಹುದಿತ್ತು. ಆದರೆ ಆ ಮರ್ಯಾದೆಗಾಗಿ ಹುಡುಗಿ ಮನೆಯಲ್ಲಿ ಬೈಸಿಕೊಂಡಿದ್ದಳು.

"ನನ್ನ ಮಣಕಾಲಿಗೆ ಏನೂ ಆಗಿದ್ದಿಲ್ಲರಿ," ಎಂದೆ. "ನನಗ ಎತ್ತರ ಅಂದ್ರ ಹೆದರಿಕಿ. ಮ್ಯಾಲ ಹತ್ತಲಿಕ್ಕೆ ಆಗಲಿಲ್ಲ, ಸುಳ್ಳ ಹೇಳಿದೆ. ಆಕಿ ಸೋತಿದ್ದು ಆಕಿ ತಪ್ಪಲ್ಲ, ನಾ ಕಲಿಸಿದ್ದಽ ತಪ್ಪ."

ಬೆರಳಿನ ಕತೆಯನ್ನೂ ಬಿಡದೆ ಹೇಳಿದೆ. ತಂದೆ ನನ್ನ ಮೊಣಕಾಲನ್ನೇ ನೋಡುತ್ತ ಕೂತರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಮಗಳತ್ತ ತಿರುಗಿದರು.

ಮಾತಾಡಿದ್ದು ಹುಡುಗಿ. "ನನಗ ಅವತ್ತಽ ಗೊತ್ತಾಗಿತ್ರಿ ಸರ. ಕಂಬಿ ಹಿಡದಿದ್ದ ನಿಮ್ಮ ಕೈ ನೋಡಿದ್ನಿ."

ಮತ್ತೆ ಮುಲಾಮು ಯಾಕೆ ತಂದೆ ಎಂದು ಕೇಳಿದೆ.

"ಇಲ್ಲಾಂದ್ರ ಹುಡುಗೂರು ನಗ್ತಿದ್ರರಿ."

ಅಷ್ಟೇ ಹೇಳಿದಳು. ನಾನು ನಾಚಿಕೆಯ ತಳ ಮುಟ್ಟಿದ್ದೇನೆ ಎಂದುಕೊಂಡಿದ್ದೆ, ಅದಕ್ಕೆ ಇನ್ನೂ ಒಂದು ಮೆಟ್ಟಿಲು ಕೆಳಗಿತ್ತು. ತಾನು ಸೋತು ಬಂದ ಸಂಜೆ, ನನ್ನನ್ನು ನಗೆಪಾಟಲಿನಿಂದ ಉಳಿಸಲು ಅವಳು ಔಷಧಿ ಅಂಗಡಿ ಹುಡುಕಿಕೊಂಡು ಹೋಗಿದ್ದಳು. ಮನೆಯಲ್ಲಿಯೂ ಅದೇ ಸುಳ್ಳನ್ನು ಕಾಪಾಡಿ ಬೈಗುಳ ನುಂಗಿದ್ದಳು.

ಮುಂದಿನ ಪರೀಕ್ಷೆಗೆ ಬರುತ್ತೀಯಾ ಎಂದು ಕೇಳುವ ಮುಖ ನನಗಿರಲಿಲ್ಲ. ಕೇಳಿದ್ದು ಅವಳ ತಂದೆ. ಅವಳು ಒಂದು ಷರತ್ತು ಹಾಕಿದಳು: ಸರ್ ಹಿಂದೆ ನಿಲ್ಲಬಾರದು, ಮೇಲೂ ಬರಬಾರದು.

ಮಳೆ ಮುಗಿಯುವವರೆಗೆ ಅವಳು ಗೋಡೆಗೆ ಒತ್ತಿದ ಆ ಕುರ್ಚಿಯಲ್ಲಿ ಕೂತು ಗುದ್ದಿದಳು, ಕೆಡವಿದಳು, ಮತ್ತೆ ಎತ್ತಿದಳು. ಹೆಡ್‌ಫೋನ್ ತೆಗೆದು ನನ್ನತ್ತ ನೋಡಿದಾಗಲೆಲ್ಲ ನಾನು ಬೇಕೆಂದೇ ಚಹಾಕ್ಕೆ ಎದ್ದುಹೋದೆ. ಹುಡುಗರಿಗೂ ಒಂದು ದಿನ ನನ್ನ ಹೆದರಿಕೆಯ ವಿಷಯ ನಾನೇ ಹೇಳಿದೆ. ಹುಡುಗಿ ಅಂದುಕೊಂಡಿದ್ದಂತೆಯೇ ಅವರು ನಕ್ಕರು. ಒಬ್ಬನಂತೂ ವಸ್ತಾದರ ಮಣಕಾಲು ಹೇಗಿದೆ ಎಂದು ಬಹಳ ದಿನ ಕೇಳುತ್ತಿದ್ದ. ಅದು ನನಗೆ ಸಲ್ಲಬೇಕಾದದ್ದೇ.

ಎರಡನೆಯ ಸಲ ಬಂದರಿಗೆ ಹೋದಾಗ ಅವಳದು ಕೊನೆಯ ಸರದಿ. ಅವಳು ಹತ್ತಿಹೋದ ಮೇಲೆ ಕೆಳಗೆ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಮೇಲೆ ಬರಬಾರದೆಂದಿದ್ದಳು, ಸರಿ. ಮೊದಲ ತಿರುವಿನ ಕಟ್ಟೆಯವರೆಗಾದರೂ ಹೋಗೋಣ ಎಂದು ತರಬೇತುದಾರರ ಸಹಾಯಕನನ್ನು ಕೇಳಿ, ಕಣ್ಣನ್ನು ಕಂಬಿಗೇ ಕೀಲಿಸಿ ಹತ್ತಿದೆ. ಎರಡೂ ಕೈಯಿಂದ ಹಿಡಿದು ನಿಂತೆ.

ಪೆಟ್ಟಿಗೆ ಎದ್ದಿತು. ಟ್ರಾಲಿ ಓಡಿ ನಿಂತಿತು. ಪೆಟ್ಟಿಗೆ ಮುಂದಕ್ಕೆ ಜೋಲಿತು. ನನಗೆ ಗೊತ್ತಿಲ್ಲದೆಯೇ ನನ್ನ ಬೆರಳು ಕಂಬಿಯಿಂದ ಮೇಲೆದ್ದಿತ್ತು. ಅದು ಇಳಿದು ಕಬ್ಬಿಣಕ್ಕೆ ಬಡಿಯುವ ಮೊದಲೇ ಟ್ರಾಲಿ ಸರಿದು ಪೆಟ್ಟಿಗೆಯ ತಲೆಯ ಮೇಲೆ ನಿಂತಿತು, ಜೋಲಿ ಸತ್ತಿತು. ಅವಳು ಅದನ್ನು ನೆಟ್ಟಗೆ ಎರಡು ಕಂಟೇನರುಗಳ ನಡುವೆ ಇಳಿಸಿದಳು. ಇಷ್ಟು ದಿನ ನಾನು ಬಡಿಯುತ್ತಿದ್ದದ್ದೇ ತಡವಾಗಿತ್ತು ಎಂದು ಆಗ ತಿಳಿಯಿತು.

ತರಬೇತುದಾರರು ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರನ್ನು ಬರೆದುಕೊಂಡರೆಂದು ಆಮೇಲೆ ಗೊತ್ತಾಯಿತು. ಅವಳು ಇಳಿದು ಬಂದಾಗ ನಾನಿನ್ನೂ ಆ ಕಟ್ಟೆಯ ಮೇಲೆಯೇ ಇದ್ದೆ. ಹತ್ತಿದ್ದು ಹತ್ತಿದ್ದೆ, ಇಳಿಯಲು ಆಗುತ್ತಿರಲಿಲ್ಲ. ಯಾವ ಸುಳ್ಳೂ ಹೊಳೆಯಲಿಲ್ಲ. ಅವಳು ನನ್ನ ಕೈ ನೋಡಿದಳು, ಪಕ್ಕದಿಂದ ನುಸುಳಿ ಎರಡು ಮೆಟ್ಟಿಲು ಕೆಳಗೆ ಹೋಗಿ ನಿಂತಳು.

"ಕೆಳಗ ನೋಡಬ್ಯಾಡ್ರಿ ಸರ," ಎಂದಳು. "ನಾ ಮುಂದ ಇಳೀತೇನಿ. ನೀವು ನನ್ನ ಬೆನ್ನ ನೋಡ್ಕೊಂತ ಬರ್ರಿ."

ಅವಳ ಬೆನ್ನಿನ ಮೇಲೆ ಕಣ್ಣಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು, ನಾನು ಇಳಿದೆ.